ಮುಂಬಯಿಯ ಮತಕ್ಷೇತ್ರಗಳೂ ನಮ್ಮ ಹೆಸರೂ

ಚುನಾವಣೆಯ ದಿನ ಊರಿಗೆಲ್ಲ ರಜೆ, ಸರಕಾರಿ ಗುಮಾಸ್ತನಿಗೆ ಮಾತ್ರ ಸಜೆ ಎಂದು ನಮ್ಮ ಕಛೇರಿಯಲ್ಲಿ ಒಂದು ಮಾತುಂಟು. ಹಿಂದಿನ ದಿನವೇ ಪೆಟ್ಟಿಗೆ, ಯಂತ್ರ, ಕಾಗದಪತ್ರ ಹೊತ್ತು ಯಾವುದೋ ಶಾಲೆಗೆ ಹೋಗಿ ಬೆಂಚಿನ ಮೇಲೆ ರಾತ್ರಿ ಕಳೆದು, ಬೆಳಕು ಹರಿಯುವ ಮುಂಚೆ ಎದ್ದು ಕೂರಬೇಕು. ೨೦೨೪ರ ಮೇ ೨೦ರಂದು ಮುಂಬಯಿಯ ಆರೂ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನವಾಯಿತಲ್ಲ, ಆ ದಿನ ನಾವು ಮುಲುಂದಿನ ಕಡೆಯ ಒಂದು ಮತಗಟ್ಟೆಯಲ್ಲಿ ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಬಂದವರ ಹೆಸರು ಹುಡುಕುವುದು, ಕ್ರಮಾಂಕ ಕೂಗಿ ಹೇಳುವುದು, ಗೆರೆ ಎಳೆಯುವುದು, ಇಷ್ಟೇ ನಮ್ಮ ಕೆಲಸ.

ಸಂಜೆ ಐದು ದಾಟಿತ್ತು. ಆರಕ್ಕೆ ಬಾಗಿಲು ಮುಚ್ಚಬೇಕು. ಎಪ್ಪತ್ತು ಮೀರಿದ ಒಬ್ಬ ತಾಯಿ ಮೊಮ್ಮಗಳ ಕೈ ಹಿಡಿದು ಬಂದರು. ಮೊಮ್ಮಗಳೊಡನೆ ಆಡಿದ ಮಾತಿನಲ್ಲೇ ನಮ್ಮ ಕುಂದಾಪುರದ ಕಡೆಯವರೆಂದು ತಿಳಿಯಿತು. ಸೆರಗಿನ ಗಂಟಿನಿಂದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿಯಲ್ಲಿ ಹುಡುಕಿದೆವು, ಹೆಸರಿಲ್ಲ. ಇನ್ನೊಮ್ಮೆ ಹುಡುಕಿದೆವು, ಇಲ್ಲ.

"ಕಾರ್ಡ್ ಇತ್ತಲ್ದಾ ಮಗಾ, ಹೆಸ್ರ್ ಎಲ್ಲಿಗ್ ಹೋಯ್ತ್?" ಎಂದರು.

"ಅಮ್ಮಾ, ಇದ್ ವಡಾಲದ್ ಕಾರ್ಡ್. ಹೆಸ್ರ್ ಇದ್ರೂ ಅಲ್ಲೇ ಇಪ್ಪುದ್."

ಅವರು ನಲವತ್ತು ವರ್ಷ ಬಾಳಿದ್ದ ವಡಾಲದ ಚಾಳನ್ನು ಹೊಸ ಕಟ್ಟಡಕ್ಕಾಗಿ ಕೆಡವಿದ್ದರು. ಎರಡು ವರ್ಷದಿಂದ ಮಗಳ ಮನೆಯಲ್ಲಿ ಇದ್ದರು. ನಮ್ಮ ಉತ್ತರ ಕೇಳಿ ಅವರು ಕೇಳಿದ ಪ್ರಶ್ನೆ ಇದು: "ವಡಾಲ ಮುಂಬಯಿ ಅಲ್ದಾ? ಇದ್ ಮುಂಬಯಿ ಅಲ್ದಾ?"

ವಡಾಲ ಇರುವುದು ದಕ್ಷಿಣ ಮಧ್ಯ ಕ್ಷೇತ್ರದಲ್ಲಿ, ಮುಲುಂದ್ ಇರುವುದು ಈಶಾನ್ಯ ಕ್ಷೇತ್ರದಲ್ಲಿ ಎಂದು ಹೇಳಿದೆವು. ಹೇಳಿ ಏನು ಫಲ? ಆ ಹೊತ್ತಿನಲ್ಲಿ ಅವರು ವಡಾಲಕ್ಕೆ ಹೋಗಿ ಮುಟ್ಟುವಂತಿರಲಿಲ್ಲ. ಶಾಯಿ ಹಚ್ಚಿಸಿಕೊಳ್ಳಲೆಂದು ಆಗಲೇ ಮುಂದೆ ಚಾಚಿದ್ದ ಎಡಗೈಯ ತೋರುಬೆರಳನ್ನು ಮೆಲ್ಲನೆ ಮಡಚಿ, ಚೀಟಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದರು.

ಆ ತಾಯಿಯ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಬೇಕೆಂದು ಅಂದಿನಿಂದ ನಮ್ಮ ಮನಸ್ಸಿನಲ್ಲಿತ್ತು. ಮುಂಬಯಿ ಒಂದೇ ಊರಾದರೂ ಮತದ ಲೆಕ್ಕಕ್ಕೆ ಅದು ಎಂದೂ ಒಂದೇ ಊರಾಗಿಲ್ಲ. ಗೆರೆಗಳು ಅಳಿಸುತ್ತ, ಹೊಸದಾಗಿ ಬೀಳುತ್ತ ಬಂದಿವೆ. ಗೆರೆಯೊಳಗೆ ಯಾರಿಗೆ ಮತವುಂಟು ಎಂಬ ನಿಯಮವೂ ಬದಲಾಗುತ್ತ ಬಂದಿದೆ. ನಮ್ಮ ಓದುಗ ಬಂಧುಗಳಲ್ಲಿ ಹೆಚ್ಚಿನವರು ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರಾದ್ದರಿಂದ ಈ ಕಥೆ ತಿಳಿದಿರುವುದು ಒಳ್ಳೆಯದು.

ತೆರಿಗೆ ಕೊಟ್ಟವನೇ ಮತದಾರ

ಈ ನಗರದಲ್ಲಿ ಮತ ಎಂಬುದು ಮೊದಲು ಹುಟ್ಟಿದ್ದು ಪಾರ್ಲಿಮೆಂಟಿಗಾಗಿ ಅಲ್ಲ, ನಗರಸಭೆಗಾಗಿ. ೧೮೭೨ರ ಕಾಯಿದೆಯಂತೆ ಮುಂಬಯಿ ನಗರಸಭೆಗೆ ೬೪ ಮಂದಿ ಸದಸ್ಯರು. ಅವರಲ್ಲಿ ೧೬ ಮಂದಿಯನ್ನು ಸರಕಾರ ನೇಮಿಸುತ್ತಿತ್ತು, ೧೬ ಮಂದಿಯನ್ನು 'ಜಸ್ಟಿಸ್ ಆಫ್ ದಿ ಪೀಸ್' ಎಂಬ ಬಿರುದುಳ್ಳ ದೊಡ್ಡವರು ಆರಿಸುತ್ತಿದ್ದರು. ಉಳಿದ ೩೨ ಮಂದಿಯನ್ನು ಆರಿಸುವ ಹಕ್ಕು ತೆರಿಗೆದಾರರದು. ೧೮೮೮ರ ಕಾಯಿದೆ ಬಂದಾಗ ಸದಸ್ಯರು ೭೨ ಆದರು, ತೆರಿಗೆದಾರರು ಆರಿಸುವವರು ೩೬ ಆದರು. ಇಂದಿಗೂ ಮುಂಬಯಿ ಮಹಾನಗರಪಾಲಿಕೆ ನಡೆಯುತ್ತಿರುವುದು ತಿದ್ದಿ ತಿದ್ದಿ ಬಂದ ಅದೇ ೧೮೮೮ರ ಕಾಯಿದೆಯ ಮೇಲೆ.

ತೆರಿಗೆ ಕೊಡುವವನೆಂದರೆ ಮನೆಯ ಒಡೆಯ. ಬಾಡಿಗೆಯವನು ಯಾವ ಲೆಕ್ಕಕ್ಕೂ ಇಲ್ಲ. ೧೯೨೨ರ ತಿದ್ದುಪಡಿಯಿಂದ ತಿಂಗಳಿಗೆ ೧೦ ರೂಪಾಯಿ ಬಾಡಿಗೆ ಕೊಡುವವರಿಗೂ ಮತ ಸಿಕ್ಕಿತು. ಆದರೆ ಗಿರಣಿ ಕೆಲಸಗಾರನ ಒಂಟಿ ಖೋಲಿಗೆ ಆ ಕಾಲದಲ್ಲಿ ಸಾಮಾನ್ಯವಾಗಿ ಅಷ್ಟು ಬಾಡಿಗೆ ಇರಲಿಲ್ಲ. ಆಮೇಲೆ ಆ ಹತ್ತು ಐದಕ್ಕೆ ಇಳಿಯಿತು, ಚಾಳುಗಳ ಜನ ಪಟ್ಟಿಗೆ ಬರತೊಡಗಿದರು. ಆಗಲೂ ಹೊರಗುಳಿದವರು ಯಾರು? ಹೋಟೆಲಿನಲ್ಲೇ ದುಡಿದು, ಹೋಟೆಲಿನಲ್ಲೇ ಉಂಡು, ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗುತ್ತಿದ್ದ ನಮ್ಮ ಕರಾವಳಿಯ ಮಾಣಿಗಳು. ಅವರಿಗೆ ಬಾಡಿಗೆಯೇ ಇಲ್ಲ, ಆದ್ದರಿಂದ ಮತವೂ ಇಲ್ಲ. ವಯಸ್ಸಿಗೆ ಬಂದವರೆಲ್ಲರಿಗೂ ನಗರಸಭೆಯ ಮತ ಸಿಕ್ಕಿದ್ದು ೧೯೪೮ರ ಚುನಾವಣೆಯಲ್ಲಿ.

ನಮ್ಮನ್ನು ಆಳುತ್ತಿದ್ದ ಇಂಗ್ಲೆಂಡಿನಲ್ಲಾದರೂ ಎಲ್ಲರಿಗೂ ಮತವಿತ್ತೆಂದು ತಿಳಿಯಬೇಡಿ. ಓಲ್ಡ್ ಸೇರಂ ಎಂಬ ಹಾಳುದಿಬ್ಬ ೧೮೩೨ರವರೆಗೂ ಅಲ್ಲಿನ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಗಿರಣಿಗಳ ಮಹಾನಗರವಾದ ಮ್ಯಾಂಚೆಸ್ಟರಿಗೆ ಆಗ ಒಬ್ಬ ಸದಸ್ಯನೂ ಇರಲಿಲ್ಲ. ಗಂಡಸರೆಲ್ಲರಿಗೂ ಮತ ಬಂದದ್ದು ೧೯೧೮ರಲ್ಲಿ, ಹೆಂಗಸರಿಗೆ ಸರಿಸಮನಾಗಿ ಬಂದದ್ದು ೧೯೨೮ರಲ್ಲಿ. ಮುಂಬಯಿಯ ನಗರಸಭೆಯಲ್ಲಿ ಕುಳಿತಿದ್ದ ದಾದಾಭಾಯಿ ನವರೋಜಿಯವರು ೧೮೯೨ರಲ್ಲಿ ಲಂಡನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಐದೇ ಐದು ಮತಗಳ ಅಂತರದಿಂದ ಗೆದ್ದು ಆ ಪಾರ್ಲಿಮೆಂಟನ್ನು ಹೊಕ್ಕರು. ಐದು ಮನೆಯವರು ಅಂದು ಮಳೆಯೆಂದು ಮನೆಯಲ್ಲೇ ಕುಳಿತಿದ್ದರೆ! ಒಂದು ಮತದಿಂದ ಏನಾದೀತು ಎನ್ನುವವರು ಇದನ್ನು ನೆನೆಯಬೇಕು.

ಬೈಕಲಾ–ಪರೇಲು, ೧೯೩೭

ಪ್ರಾಂತದ ಶಾಸನಸಭೆಗೆ ೧೯೧೯ರ ಸುಧಾರಣೆಗಳ ಕಾಲದಲ್ಲಿ ಮುಂಬಯಿಯನ್ನು ಉತ್ತರ, ದಕ್ಷಿಣ ಎಂದು ಎರಡಾಗಿ ಒಡೆದರು. ಗೆರೆ ನೆಲದ ಮೇಲೆ ಮಾತ್ರವಲ್ಲ, ಜನರ ನಡುವೆಯೂ ಬಿತ್ತು. ಮುಸಲ್ಮಾನರಿಗೆ ಬೇರೆ ಪಟ್ಟಿ, ಉಳಿದವರಿಗೆ ಬೇರೆ ಪಟ್ಟಿ. ೧೯೨೧ರಲ್ಲಿ ಮುಂಬಯಿ ಪ್ರಾಂತದ ಹೆಂಗಸರಿಗೂ ಗಂಡಸರಂತೆಯೇ ಮತ ದೊರೆಯಿತು. ಆದರೆ ಆಸ್ತಿಯ ನಿಯಮ ಅವರಿಗೂ ತಪ್ಪಲಿಲ್ಲವಾದ್ದರಿಂದ ಮತ ಸಿಕ್ಕ ಹೆಂಗಸರು ಬಹಳ ಕಡಿಮೆ. ೧೯೩೫ರ ಕಾಯಿದೆಯಿಂದ ಪಟ್ಟಿ ಹಿಗ್ಗಿತು. ಅಷ್ಟಾದರೂ ಆಸ್ತಿ, ತೆರಿಗೆ, ಓದು ಇವುಗಳಲ್ಲಿ ಒಂದಾದರೂ ಇದ್ದವರಿಗೇ ಮತ. ಬ್ರಿಟಿಷ್ ಭಾರತದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ೧೪ ಮಂದಿಗೆ ಮಾತ್ರ ಹಕ್ಕು.

ಆ ಕಾಯಿದೆಯಡಿ ೧೯೩೭ರಲ್ಲಿ ನಡೆದ ಚುನಾವಣೆಯಲ್ಲಿ ಬೈಕಲಾ–ಪರೇಲು ಕ್ಷೇತ್ರ ಹೆಸರಾಯಿತು. ಅಲ್ಲಿನ ಮೀಸಲು ಸ್ಥಾನಕ್ಕೆ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯಿಂದ ನಿಂತವರು ಡಾ. ಅಂಬೇಡ್ಕರರು. ಅವರಿಗೆ ಎದುರಾಗಿ ಕಾಂಗ್ರೆಸಿನಿಂದ ನಿಂತವರು ಪಾಲವಣಕರ ಬಾಳೂ. ಕ್ರಿಕೆಟ್ ಬಲ್ಲ ಹಿರಿಯರಿಗೆ ಈ ಹೆಸರು ಗೊತ್ತಿರಬೇಕು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ಎಡಗೈ ಬೌಲರ್, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಂಬೇಡ್ಕರರಿಗೆ ೧೩,೨೪೫, ಬಾಳೂ ಅವರಿಗೆ ೧೧,೨೨೫ ಮತಗಳು ಬಂದವು.

ಆ ಚುನಾವಣೆಯ ಒಂದು ನಿಯಮವನ್ನು ಇಲ್ಲಿ ಗುರುತಿಟ್ಟುಕೊಳ್ಳಿ. ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನಗಳೋ ಮತದಾರನಿಗೆ ಅಷ್ಟು ಮತಗಳು, ಅವನು ಬಯಸಿದರೆ ಅವನ್ನೆಲ್ಲ ಒಬ್ಬ ಅಭ್ಯರ್ಥಿಗೇ ಹಾಕಬಹುದಿತ್ತು. ಸಂಖ್ಯೆಯಲ್ಲಿ ಕಡಿಮೆ ಇರುವ ಜನ ತಮ್ಮ ಮತಗಳನ್ನೆಲ್ಲ ಒಂದೆಡೆ ರಾಶಿ ಹಾಕಿ ತಮ್ಮವನನ್ನು ಗೆಲ್ಲಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. ಮುಂದಿನ ಕಥೆಗೆ ಇದೇ ಕೀಲಿಕೈ.

ಅಜ್ಜನ ಎರಡು ಚೀಟಿಗಳು

ನಮ್ಮ ಅಜ್ಜ ೧೯೪೩ರಲ್ಲಿ, ಹದಿನೈದರ ಹುಡುಗನಾಗಿ, ಹಡಗು ಹತ್ತಿ ಮುಂಬಯಿಗೆ ಬಂದವರು. ಪರೇಲಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ, ರಾತ್ರಿ ಶಾಲೆಯಲ್ಲಿ ಓದು, ಅಟ್ಟದ ಮೇಲೆ ನಿದ್ದೆ. ಸ್ವತಂತ್ರ ಭಾರತದ ಸಂವಿಧಾನ ೨೧ ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ ಕೊಟ್ಟಿತು. ಪಟ್ಟಿ ಬರೆಯುವವರು ಹೋಟೆಲಿಗೆ ಬಂದಾಗ ಧಣಿಯ ಹೆಸರಿನ ಕೆಳಗೆ ಮಾಣಿಯ ಹೆಸರನ್ನೂ ಬರೆದುಕೊಂಡರು. "ಬಾಡಿಗೆ ಕೊಟ್ಟ ಚೀಟಿ ಕೇಳಲಿಲ್ಲ, ಜಾತಿ ಕೇಳಲಿಲ್ಲ, ಎಲ್ಲಿ ಮಲಗುತ್ತಿ ಎಂದಷ್ಟೇ ಕೇಳಿದರು" ಎಂದು ಅಜ್ಜ ಹೇಳುತ್ತಿದ್ದರು.

ದೇಶದಲ್ಲಿ ಹಾಗೆ ಪಟ್ಟಿಗೆ ಬಂದವರು ೧೭ ಕೋಟಿಗೂ ಹೆಚ್ಚು. ಉತ್ತರದ ಕೆಲವು ಪ್ರಾಂತಗಳಲ್ಲಿ ಸುಮಾರು ೨೮ ಲಕ್ಷ ಹೆಂಗಸರು ತಮ್ಮ ಹೆಸರು ಹೇಳಲೊಲ್ಲದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರಿಂದ ಅವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಗೆರೆಯೊಳಗಿದ್ದರೆ ಸಾಲದು, ಹೆಸರೂ ಇರಬೇಕು ಎಂಬ ಪಾಠ ಮೊದಲ ಚುನಾವಣೆಯಿಂದಲೇ ಬಂದದ್ದು.

ಆಗ ಮುಂಬಯಿಯಲ್ಲಿ ಲೋಕಸಭೆಗೆ ಮೂರು ಕ್ಷೇತ್ರಗಳು, ನಾಲ್ಕು ಸದಸ್ಯರು. ನಗರ ದಕ್ಷಿಣಕ್ಕೆ ಒಬ್ಬರು, ಉಪನಗರಕ್ಕೆ ಒಬ್ಬರು, ನಗರ ಉತ್ತರಕ್ಕೆ ಮಾತ್ರ ಇಬ್ಬರು. ಆ ಇಬ್ಬರಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಯವರಿಗೆ ಮೀಸಲು. ಪರೇಲಿನ ಅಜ್ಜ ನಗರ ಉತ್ತರದ ಮತದಾರ. ೧೯೫೨ರ ಜನವರಿಯಲ್ಲಿ ಅವರ ಕೈಗೆ ಲೋಕಸಭೆಗೆಂದು ಎರಡು ಚೀಟಿಗಳು ಬಂದವು. ಚೀಟಿಯ ಮೇಲೆ ಇಂದಿನಂತೆ ಗುರುತು ಹಾಕುವಂತಿರಲಿಲ್ಲ. ಮರೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು.

ಅಜ್ಜ ಎರಡು ಚೀಟಿಗಳನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಬಂದರು. ಯಾರ ಪೆಟ್ಟಿಗೆ ಎಂದು ಸಾಯುವವರೆಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. "ಒಬ್ಬರನ್ನು ಮನಸ್ಸಿಟ್ಟು ನಂಬಿದೆ, ಎರಡನ್ನೂ ಅವರಿಗೇ ಕೊಟ್ಟೆ" ಎಂದಷ್ಟೇ ಹೇಳುತ್ತಿದ್ದರು. ಆದರೆ ಹೊಸ ಕಾಯಿದೆಯಲ್ಲಿ ೧೯೩೭ರ ನಿಯಮ ಉಳಿದಿರಲಿಲ್ಲ. ಎರಡು ಮತಗಳಿದ್ದರೂ ಒಬ್ಬನಿಗೆ ಒಂದೇ ಕೊಡಬಹುದಿತ್ತು. ಎರಡನೆಯದನ್ನೂ ಅವನಿಗೇ ಕೊಟ್ಟರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಣಿಕೆಯಾಗಿ ತಿಂಗಳಾದ ಮೇಲೆ ರಾತ್ರಿ ಶಾಲೆಯ ಮಾಸ್ತರರೊಬ್ಬರು ಇದನ್ನು ಬಿಡಿಸಿ ಹೇಳಿದಾಗಲೇ ಅಜ್ಜನಿಗೆ ತಿಳಿದದ್ದು.

ಆ ಕ್ಷೇತ್ರದ ಫಲಿತಾಂಶ ಇಂದಿಗೂ ಚರ್ಚೆಗೆ ಬರುತ್ತದೆ. ಮೀಸಲು ಸ್ಥಾನದಲ್ಲಿ ಕಾಂಗ್ರೆಸಿನ ನಾರಾಯಣ ಕಾಜ್ರೋಳಕರರಿಗೆ ೧,೩೮,೧೩೭, ಡಾ. ಅಂಬೇಡ್ಕರರಿಗೆ ೧,೨೩,೫೭೬ ಮತಗಳು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು, ೧೯೫೦ ಮತ್ತು ೧೯೫೧ರ ಜನಪ್ರಾತಿನಿಧ್ಯ ಕಾಯಿದೆಗಳು ಬಂದಾಗ ದೇಶದ ಕಾನೂನು ಮಂತ್ರಿಯಾಗಿದ್ದವರು, ಆ ಕಾಯಿದೆಯ ಕೆಳಗೆ ನಡೆದ ಮೊದಲ ಚುನಾವಣೆಯಲ್ಲೇ ಹದಿನಾಲ್ಕೂವರೆ ಸಾವಿರ ಮತಗಳಿಂದ ಸೋತರು. ತಿರಸ್ಕೃತವಾದ ಮತಗಳೇ ಎಪ್ಪತ್ತು ಸಾವಿರದ ಮೇಲೆ. ಅಂಬೇಡ್ಕರರೂ ಅಲ್ಲೇ ಸೋತ ಸಮಾಜವಾದಿ ನಾಯಕ ಅಶೋಕ ಮೆಹತಾ ಅವರೂ ಚುನಾವಣೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಫಲಿತಾಂಶ ಬದಲಾಗಲಿಲ್ಲ.

ಯಾರು ಗೆಲ್ಲಬೇಕಿತ್ತು, ಯಾರು ಸೋಲಬೇಕಿತ್ತು ಎಂಬುದು ನಮ್ಮ ಮಾತಲ್ಲ. ಪರೇಲಿನ ಅದೇ ಓಣಿಗಳಲ್ಲಿ ಹದಿನೈದು ವರ್ಷಗಳ ಹಿಂದೆ ಸರಿಯಾಗಿದ್ದ ಕ್ರಮ ೧೯೫೨ರಲ್ಲಿ ತಪ್ಪಾಗಿತ್ತು. "ನನ್ನ ಒಂದು ಮತ ಇನ್ನೂ ಪರೇಲಿನ ಪೆಟ್ಟಿಗೆಯಲ್ಲೇ ಬಿದ್ದಿದೆ" ಎಂದು ಅಜ್ಜ ನಗುತ್ತಿದ್ದರು. ಆ ನಗುವಿನಲ್ಲಿ ಸ್ವಲ್ಪ ನೋವೂ ಇತ್ತು. ಹಕ್ಕು ಸಿಕ್ಕಿದ್ದು ನಿಜ, ಅದರ ನಿಯಮವನ್ನು ತಿಳಿಯುವ ಕೆಲಸ ಮಾತ್ರ ನಮ್ಮ ತಲೆಗೇ ಉಳಿಯಿತು.

ಇಬ್ಬರು ಸದಸ್ಯರ ಕ್ಷೇತ್ರ ಮುಂಬಯಿಯಲ್ಲಿ ಇನ್ನೊಂದೇ ಸಲ ಕಂಡಿತು. ೧೯೫೭ರಲ್ಲಿ ನಗರ ಮಧ್ಯ ಕ್ಷೇತ್ರದಿಂದ ಕಮ್ಯೂನಿಸ್ಟ್ ನಾಯಕ ಡಾಂಗೆಯವರೂ ಪರಿಶಿಷ್ಟ ಜಾತಿ ಫೆಡರೇಶನ್ನಿನ ಮಾನೆಯವರೂ ಒಟ್ಟಿಗೆ ಗೆದ್ದರು. ೧೯೬೧ರ ಕಾಯಿದೆಯೊಂದು ದೇಶದಲ್ಲೆಲ್ಲ ಅಂಥ ಕ್ಷೇತ್ರಗಳನ್ನು ರದ್ದು ಮಾಡಿತು. ಅಂದಿನಿಂದ ಒಂದು ಕ್ಷೇತ್ರ, ಒಬ್ಬ ಸದಸ್ಯ, ಒಂದು ಮತ.

ಉತ್ತರ ದಿಕ್ಕಿನ ಲೋಕಲ್ ಪ್ರಯಾಣ

ಇನ್ನು ಗಡಿಗಳ ಮಾತು. ಮುಂಬಯಿಯ ಮತಕ್ಷೇತ್ರಗಳಲ್ಲಿ 'ಉತ್ತರ' ಎಂಬ ಹೆಸರಿನಷ್ಟು ಅಲೆದಾಡಿದ್ದು ಬೇರೊಂದಿಲ್ಲ. ೧೯೫೨ರಲ್ಲಿ ಉತ್ತರವೆಂದರೆ ಪರೇಲು, ದಾದರು. ಆಚೆಯದೆಲ್ಲ ಉಪನಗರ, ಅಲ್ಲಿಂದ ಗೆದ್ದು ಲೋಕಸಭೆಗೆ ಹೋದವರು ಜಯಶ್ರೀ ರಾಯ್‌ಜಿ ಎಂಬ ಮಹಿಳೆ. ಐದು ವರ್ಷ ಕಳೆಯುವಷ್ಟರಲ್ಲಿ ಪರೇಲು 'ಮಧ್ಯ'ವಾಯಿತು. 'ಉತ್ತರ' ರೈಲು ಹತ್ತಿ ಉಪನಗರಗಳಿಗೆ ಹೋಯಿತು. ೧೯೫೭ರಲ್ಲೂ ೧೯೬೨ರಲ್ಲೂ ಅಲ್ಲಿಂದ ಗೆದ್ದವರು ಕೇರಳದ ಕೃಷ್ಣ ಮೆನನ್ನರು. ೧೯೬೭ರಲ್ಲಿ ಉಪನಗರ ವಾಯವ್ಯ, ಈಶಾನ್ಯ ಎಂದು ಎರಡಾಯಿತು. ೧೯೭೭ರ ಚುನಾವಣೆಗೆ ಕ್ಷೇತ್ರಗಳು ಆರಾದವು, 'ಉತ್ತರ' ಮತ್ತೆ ಹುಟ್ಟಿ ಬೋರಿವಲಿಯ ದಿಕ್ಕಿಗೆ ನಡೆಯಿತು.

ಇದಕ್ಕೆ ಕಾರಣ ಸರಳ. ನಗರ ಬೆಳೆದ ಕಡೆಗೆ ಗೆರೆ ಓಡಿತು. ನಗರಸಭೆಯ ಎಲ್ಲೆ ೧೯೫೦ರಲ್ಲಿ ಅಂಧೇರಿ, ಘಾಟ್ಕೋಪರಿಗೆ ಚಾಚಿ, ೧೯೫೭ರಲ್ಲಿ ದಹಿಸರ್, ಮುಲುಂದನ್ನು ಮುಟ್ಟಿತು. ೨೦೦೧ರ ಜನಗಣತಿಯನ್ನು ಹಿಡಿದು ೨೦೦೮ರಲ್ಲಿ ಬಂದ ವಿಂಗಡಣೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದಕ್ಕೆ ಮೊದಲು ವಿಧಾನಸಭೆಗೆ ನಗರ ಜಿಲ್ಲೆಯಿಂದ ೧೭, ಉಪನಗರ ಜಿಲ್ಲೆಯಿಂದ ೧೭, ಹೀಗೆ ಸರಿಸಮ. ವಿಂಗಡಣೆಯ ನಂತರ ನಗರಕ್ಕೆ ೧೦, ಉಪನಗರಕ್ಕೆ ೨೬. ಗಿರಣಿಗಳು ಮುಚ್ಚಿದವು, ಚಾಳುಗಳು ಬಿದ್ದವು, ಜನ ಹೊರಗೆ ಹೋದರು, ಸ್ಥಾನಗಳೂ ಅವರ ಹಿಂದೆ ಹೋದವು. ನಮ್ಮವರಲ್ಲಿ ಅನೇಕರು ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರಾ ಎಂದು ಮುಂಬಯಿಯ ಆಚೆಗೇ ಮನೆ ಮಾಡಿದ್ದಾರೆ. ಡೊಂಬಿವಲಿ ಈಗ ಕಲ್ಯಾಣ ಕ್ಷೇತ್ರ, ಮೀರಾ ರೋಡ್ ಠಾಣೆ, ನಾಲಾಸೋಪಾರಾ ಪಾಲ್ಘರ್.

ಮಾಟುಂಗದಲ್ಲಿ ೧೯೨೬ರಿಂದ ಇರುವ ನಮ್ಮ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಕ್ಕೆ ಬಂದು ಸೇರುವ ನೂರು ಜನರನ್ನು ಕೇಳಿ ನೋಡಿ. ಒಂದೇ ಸಾಲಿನಲ್ಲಿ ಕುಳಿತವರು ನಾಲ್ಕೈದು ಕ್ಷೇತ್ರಗಳ ಮತದಾರರಾಗಿರುತ್ತಾರೆ. ಭಾಷೆಯ ಲೆಕ್ಕದಲ್ಲಿ ನಾವು ಒಂದು ಊರು, ಮತದ ಲೆಕ್ಕದಲ್ಲಿ ಚೆದುರಿದ ಮನೆಗಳು.

ಹಾಗೆಂದು ಹೊರಗಿನಿಂದ ಬಂದವನ ಮತಕ್ಕೆ ಬೆಲೆಯಿಲ್ಲವೆಂದು ಎದೆಗುಂದಬೇಕಾಗಿಲ್ಲ. ಮಂಗಳೂರಿನಲ್ಲಿ ಹುಟ್ಟಿ, ಕೈಯಲ್ಲಿ ಕಾಸಿಲ್ಲದೆ ಮುಂಬಯಿಗೆ ಬಂದು, ಹೋಟೆಲ್ ಮತ್ತು ಸಾರಿಗೆ ಕೆಲಸಗಾರರನ್ನು ಸಂಘಟಿಸಿದ ಜಾರ್ಜ್ ಫೆರ್ನಾಂಡಿಸರು ೧೯೬೭ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ೧೯೫೨, ೧೯೫೭, ೧೯೬೨ ಹೀಗೆ ಮೂರು ಸಲ ಗೆದ್ದವರು, ಕೇಂದ್ರದಲ್ಲಿ ಮಂತ್ರಿಯಾಗಿದ್ದವರು, ಮುಂಬಯಿಯ ದೊರೆ ಎನಿಸಿಕೊಂಡವರು. ಬಾಡಿಗೆ ಚೀಟಿಯ ಹಳೆಯ ನಿಯಮ ಇದ್ದಿದ್ದರೆ ಆ ಫಲಿತಾಂಶ ಬರುತ್ತಿತ್ತೇ?

ಊರಿನ ಪಟ್ಟಿಯೋ ಇಲ್ಲಿನ ಪಟ್ಟಿಯೋ

ಈಗ ನಮ್ಮ ಮನೆಯ ಜಗಳವನ್ನೂ ಹೇಳಿಬಿಡುತ್ತೇವೆ. ಅಜ್ಜ ಮುಂಬಯಿಯ ಮತದಾರರಾಗಿಯೇ ತೀರಿಕೊಂಡರು. ನಮ್ಮ ತಂದೆಯವರು ಹುಟ್ಟಿ ಬೆಳೆದದ್ದೂ ದುಡಿದದ್ದೂ ಇಲ್ಲೇ. ಆದರೂ ಅವರ ಹೆಸರು ಬಹುಕಾಲ ಊರಿನ ಪಟ್ಟಿಯಲ್ಲಿತ್ತು. "ಊರಲ್ಲಿ ಮನೆಯುಂಟು, ಅಡಕೆ ತೋಟವುಂಟು, ನಾಗಬನವುಂಟು. ಹೆಸರು ತೆಗೆಸಿದರೆ ಊರು ಬಿಟ್ಟ ಹಾಗಲ್ಲವೇ?" ಎಂಬುದು ಅವರ ವಾದ. ಎಷ್ಟೋ ಮನೆಗಳಲ್ಲಿ ಈ ಮಾತು ನಡೆಯುತ್ತದೆ. ಕೆಲವರು ಅಲ್ಲಿಯೂ ಒಂದು, ಇಲ್ಲಿಯೂ ಒಂದು ಇರಲಿ ಎನ್ನುತ್ತಾರೆ.

ಕಾಯಿದೆ ಏನೆನ್ನುತ್ತದೆ ಎಂಬುದನ್ನು ಗುಮಾಸ್ತರಾದ ನಾವು ಓದಿ ಹೇಳಿದೆವು. ೧೯೫೦ರ ಜನಪ್ರಾತಿನಿಧ್ಯ ಕಾಯಿದೆಯಂತೆ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರುವಂತಿಲ್ಲ, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ಯಾರು ಎಲ್ಲಿ ಸಾಮಾನ್ಯವಾಗಿ ವಾಸಿಸುತ್ತಾರೋ ಅಲ್ಲಿ ಅವರ ಹೆಸರು. ಊರಿನಲ್ಲಿ ಮನೆ ಇದೆ ಎಂಬುದೊಂದೇ ವಾಸಕ್ಕೆ ಸಾಕ್ಷಿಯಾಗದು. ಹಾಗೆಯೇ ಮದುವೆಗೆ, ಕೋಲಕ್ಕೆ, ಬಾಣಂತನಕ್ಕೆ ಎಂದು ಕೆಲಕಾಲ ಊರಿಗೆ ಹೋದ ಮಾತ್ರಕ್ಕೆ ಇಲ್ಲಿನ ವಾಸ ತಪ್ಪಿಹೋಗದು. ಒಂದು ಕಾಲದಲ್ಲಿ ಆಸ್ತಿ ಇದ್ದರೆ ಮತ ಎಂದಿದ್ದ ದೇಶ ಈಗ ಆಸ್ತಿಯನ್ನು ಕೇಳುವುದೇ ಇಲ್ಲ, ಎಲ್ಲಿ ಬಾಳುತ್ತಿದ್ದೀರಿ ಎಂದು ಕೇಳುತ್ತದೆ. ಅಜ್ಜನನ್ನು ಕೇಳಿದ ಪ್ರಶ್ನೆಯೂ ಅದೇ ಅಲ್ಲವೇ?

ತಂದೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ನಲ್ಲಿ ನೀರು ಬಾರದಿದ್ದರೆ ದೂರು ಕೊಡುವುದು ಇಲ್ಲಿ, ಮತ ಹಾಕುವುದು ಅಲ್ಲಿ ಎಂದರೆ ಸರಿಯಲ್ಲ ಬಿಡು" ಎಂದು ಅರ್ಜಿಗೆ ಸಹಿ ಹಾಕಿದರು. ಅಡಕೆ ತೋಟ ಇದ್ದಲ್ಲೇ ಇದೆ. ನಾಗಬನಕ್ಕೆ ವರ್ಷ ವರ್ಷ ಹೋಗಿ ತನು ಹಾಕಿಸಿ ಬರುತ್ತೇವೆ.

ಓದುಗರಿಗೆ ನಾಲ್ಕು ಉಪಯೋಗದ ಮಾತು ಹೇಳಿ ಮುಗಿಸುತ್ತೇವೆ. ಹಕ್ಕು ಇರುವುದು ಗುರುತಿನ ಚೀಟಿಯಲ್ಲಲ್ಲ, ಪಟ್ಟಿಯಲ್ಲಿ. ಚೀಟಿ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಹೊಸದಾ‌ಗಿ ಹೆಸರು ಸೇರಿಸಲು ೬ನೆಯ ನಮೂನೆ. ಮನೆ ಬದಲಿಸಿದ್ದರೆ ೮ನೆಯ ನಮೂನೆ, ಹೊಸ ಮನೆ ಬೇರೆ ಕ್ಷೇತ್ರದಲ್ಲಿದ್ದರೂ ಅದೇ ಸಾಕು. ಮತದ ವಯಸ್ಸು ೧೯೮೯ರಿಂದ ೨೧ ಹೋಗಿ ೧೮ ಆಗಿದೆ. ೨೦೨೨ರಿಂದ ವರ್ಷಕ್ಕೆ ನಾಲ್ಕು ಸಲ, ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖಿಗೆ, ೧೮ ತುಂಬಿದ ಮಕ್ಕಳ ಹೆಸರು ಸೇರಿಸಬಹುದು. ಗಣೇಶ ಚೌತಿಗೆ ಮನೆ ಗುಡಿಸುವಂತೆ ವರ್ಷಕ್ಕೊಮ್ಮೆ ಮನೆಯವರೆಲ್ಲರ ಹೆಸರನ್ನು ಪಟ್ಟಿಯಲ್ಲಿ ನೋಡಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಬರಲಿ. ಗೆರೆಗಳು ಇನ್ನೂ ನಿಂತಿಲ್ಲ. ಸ್ಥಾನಗಳ ಮರುಹಂಚಿಕೆಯನ್ನು ಸಂವಿಧಾನ ೨೦೨೬ರ ನಂತರದ ಮೊದಲ ಜನಗಣತಿಗೆ ಬಿಟ್ಟಿದೆ. ಆಗ ನಮ್ಮ ಓಣಿ ಯಾವ ದಿಕ್ಕಿನ ಹೆಸರು ಹೊತ್ತೀತೋ!

ಮತಗಟ್ಟೆಯಿಂದ ಹೊರಡುವಾಗ ಆ ತಾಯಿಯ ಮೊಮ್ಮಗಳ ಕೈಗೆ ಒಂದು ಕಾಗದದಲ್ಲಿ ನಮೂನೆಯ ಸಂಖ್ಯೆ ಬರೆದುಕೊಟ್ಟಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಆಕೆ ನಮ್ಮ ಸಂಘದ ಒಂದು ಕಾರ್ಯಕ್ರಮದಲ್ಲಿ ಸಿಕ್ಕಿ, ಅಜ್ಜಿಯ ಹೆಸರು ಮುಲುಂದಿನ ಪಟ್ಟಿಯಲ್ಲಿ ಬಂದಿದೆ ಎಂದು ಹೇಳಿದಳು. ಅದೇ ವರ್ಷದ ನವೆಂಬರಿನಲ್ಲಿ ವಿಧಾನಸಭೆಗೆ ಚುನಾವಣೆ ಬಂತು. ನಮ್ಮನ್ನು ಬೇರೆಲ್ಲಿಗೋ ಹಾಕಿದ್ದರಿಂದ ಅವರನ್ನು ನೋಡಲಾಗಲಿಲ್ಲ. ಆದರೆ ಆ ಮಡಚಿದ ಬೆರಳಿಗೆ ಈ ಸಲ ಶಾಯಿ ಬಿತ್ತೆಂದು ಮೊಮ್ಮಗಳಿಂದ ತಿಳಿಯಿತು. ಆ ಶಾಯಿ ೧೯೬೨ರ ಚುನಾವಣೆಯಿಂದಲೂ ದೇಶಕ್ಕೆಲ್ಲ ಹೋಗುವುದು ನಮ್ಮ ಮೈಸೂರಿನ ಕಾರ್ಖಾನೆಯಿಂದ. ಹೆಸರು ಮುಂಬಯಿಯ ಪಟ್ಟಿಯಲ್ಲಿ, ಬೆರಳಿನ ಮೇಲೆ ಮೈಸೂರಿನ ಶಾಯಿ. ನಮ್ಮಂಥವರಿಗೆ ಇದಕ್ಕಿಂತ ಸರಿಯಾದ ಗುರುತು ಬೇರೆ ಬೇಕೇ?